ಮಾತ್ರೆ ನಿಲ್ಲಿಸಿದ ಬೆಳಗುಗಳು

ಬೆಳಿಗ್ಗೆ ಎಂಟಕ್ಕೆ ನನ್ನ ಫೋನು ಕೂಗುತ್ತದೆ. ಕೂಗಿದ ಕೂಡಲೇ ನಮ್ಮವರು ಬಚ್ಚಲಲ್ಲಿರಲಿ, ಒಲೆಯ ಮುಂದಿರಲಿ, ಬಂದು ಕೈ ಚಾಚಬೇಕು. ನಾನು ಡಬ್ಬಿಯಿಂದ ಒಂದು ಮಾತ್ರೆ ತೆಗೆದು ಅವರ ಅಂಗೈಗೆ ಹಾಕಬೇಕು. ಅವರು ನುಂಗಿ, ಬಾಯಿ ತೆರೆದು ತೋರಿಸಬೇಕು. ಬಾಯಿ ತೋರಿಸುವುದು ನಾನು ಮಾಡಿದ ಕಾನೂನು. "ನಾ ಏನು ಎಲ್‌ಕೆಜಿ ಹುಡುಗ ಏನ?" ಎಂದು ಮೊದಮೊದಲು ರೇಗುತ್ತಿದ್ದರು. ನಾನು ಬ್ಯಾಂಕಿನವಳು. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಕಣ್ಣಾರೆ ನೋಡಿ ಒಪ್ಪಿಗೆ ಕೊಡದೆ ನಮ್ಮಲ್ಲಿ ಏನೂ ಮುಂದಕ್ಕೆ ಹೋಗುವುದಿಲ್ಲ. ಮನೆಯಲ್ಲೂ ಅದೇ ನಿಯಮ ಎಂದು ಹೇಳಿ ಅವರ ಬಾಯಿ ಮುಚ್ಚಿಸಿದೆ, ಅಂದರೆ ತೆರೆಸಿದೆ.

ಆ ಗುರುವಾರವೂ ಫೋನು ಕೂಗಿತು. ಅವರು ಬಂದರು, ಅಭ್ಯಾಸಬಲದಿಂದ ಕೈಯನ್ನೂ ಚಾಚಿದರು. ನಾನು ಡಬ್ಬಿ ಮುಟ್ಟಲಿಲ್ಲ. ಇಬ್ಬರೂ ವಿಶಾಖಪಟ್ಟಣದ ಅಂಚಿನ ಗಾಜುವಾಕದ ನಮ್ಮ ಬಾಡಿಗೆ ಮನೆಯ ಅಡುಗೆಮನೆಯಲ್ಲಿ ಮುಖಾಮುಖಿ ನಿಂತೇ ಇದ್ದೆವು. ಕೆಳಗೆ ಉಕ್ಕಿನ ಕಾರ್ಖಾನೆಯ ಪಾಳಿಗೆ ಹೋಗುವವರ ಬಸ್ಸು ಹಾರ್ನ್ ಹೊಡೆಯುತ್ತಿತ್ತು. "ಇವತ್ತಿನಿಂದ ರಜಾ" ಎಂದರು ಅವರು, ಚಾಚಿದ ಕೈಯನ್ನು ಲುಂಗಿಗೆ ಒರೆಸಿಕೊಳ್ಳುತ್ತಾ. ನಾನು ನಗಲಿಲ್ಲ. ನನಗೆ ಎಷ್ಟು ಹೆದರಿಕೆಯಾಗಿತ್ತೆಂದರೆ ಬ್ಯಾಂಕಿಗೆ ಹೊರಟವಳು ಒಂದು ಕಾಲಿಗೆ ನನ್ನ ಚಪ್ಪಲಿ, ಇನ್ನೊಂದಕ್ಕೆ ಅವರದು ಮೆಟ್ಟಿಕೊಂಡು ಬೀದಿಯವರೆಗೂ ಹೋಗಿಬಿಟ್ಟಿದ್ದೆ.

ಆ ಮಾತ್ರೆ ಏನೆಂದು ಹೇಳಬೇಕು. ಎರಡು ವರ್ಷದ ಹಿಂದೆ ನಮ್ಮವರ ಕುತ್ತಿಗೆಯ ಎಡಬದಿಯಲ್ಲಿ ಗಂಟುಗಳೆದ್ದವು. ಗಡ್ಡ ಹೆರೆಯುವಾಗ ಕೈಗೆ ಸಿಕ್ಕವು. ಹಲ್ಲಿನ ಸೋಂಕಿರಬೇಕು ಅಂದುಕೊಂಡು ಹೋದವರಿಗೆ ರಕ್ತದ ಕ್ಯಾನ್ಸರ್ ಎಂದರು. ನಿಧಾನದ ಜಾತಿಯದು, ದಿನಕ್ಕೊಂದು ಮಾತ್ರೆ ತೆಗೆದುಕೊಂಡರೆ ಹದ್ದುಬಸ್ತಿನಲ್ಲಿರುತ್ತದೆ, ಆದರೆ ಒಂದು ದಿನವೂ ತಪ್ಪಿಸಬಾರದು ಎಂದು ವಿಶಾಖಪಟ್ಟಣದ ಕ್ಯಾನ್ಸರ್ ಡಾಕ್ಟರಮ್ಮ ಹೇಳಿದರು. ನಿಜವಾಗಿಯೂ ಒಂದು ತಿಂಗಳಿಗೆಲ್ಲ ಗಂಟು ಕರಗಿದವು. ಅಂದಿನಿಂದ ನನಗೆ ಆ ಮಾತ್ರೆಯೇ ಮನೆದೇವರು. ನಾನು ದೇವರಕೋಣೆಯ ಕಡೆ ಅಷ್ಟಾಗಿ ಸುಳಿಯುವವಳಲ್ಲ, ಆದರೆ ಮಾತ್ರೆಯ ಡಬ್ಬಿಯನ್ನು ಎಡಗೈಯಲ್ಲಿ ಮುಟ್ಟಿದವಳಲ್ಲ.

ನಮಗೆ ಮಕ್ಕಳಿಲ್ಲ. ನನಗೆ ಇಲ್ಲಿಗೆ ವರ್ಗವಾದಾಗ ಧಾರವಾಡದಲ್ಲಿ ಹೈಸ್ಕೂಲು ಮಾಸ್ತರಾಗಿದ್ದ ನಮ್ಮವರು ನೌಕರಿ ಬಿಟ್ಟು ನನ್ನ ಜೊತೆ ಬಂದರು. ಹೆಂಡತಿಯ ಹಿಂದೆ ಬಂದ ಗಂಡ ಎಂದು ಊರಲ್ಲಿ ಆಡಿಕೊಂಡವರೂ ಇದ್ದರು. ಅವರು ತಲೆಗೆ ಹಚ್ಚಿಕೊಳ್ಳಲಿಲ್ಲ. ಬಂದದ್ದಕ್ಕೆ ಅವರ ಮಟ್ಟಿಗೆ ಇನ್ನೊಂದು ಕಾರಣವೂ ಇತ್ತು. ಅವರ ಅಕ್ಕ ವಿಜಯವಾಡದಲ್ಲಿದ್ದಾರೆ. ತೆಲುಗಿನವರ ಮನೆಗೆ ಮದುವೆಯಾಗಿ ಹೋಗಿ ಅಲ್ಲೇ ಬೇರು ಬಿಟ್ಟವರು. ತಾಯಿ ಇಲ್ಲದ ತಮ್ಮನನ್ನು ಎತ್ತಿ ಆಡಿಸಿದವರು. ಗವರ್ನರ್‌ಪೇಟೆಯಲ್ಲಿ ಸ್ಟೀಲ್ ಪಾತ್ರೆಗಳ ಹೋಲ್‌ಸೇಲ್ ಅಂಗಡಿಯ ಮೇಲಿನ ಮನೆ. ಅಂಗಡಿ ಈಗ ಮೈದುನನದು, ಮನೆ ಅಕ್ಕನದು. ದಿನವಿಡೀ ಕೆಳಗೆ ಕೊಳಗ, ತಪ್ಪಲೆ ಇಳಿಸುವ ಸದ್ದು, ಮೇಲೆ ಅಕ್ಕನ ಸದ್ದು.

ಅಕ್ಕನಿಗೆ ಈ ಕ್ಯಾನ್ಸರ್ ವಿಷಯ ಹೇಳಿರಲಿಲ್ಲ. ಅಕ್ಕನ ಗಂಡ ಹೋದದ್ದು ಹೊಟ್ಟೆಯ ಕ್ಯಾನ್ಸರಿನಿಂದ. ಆಪರೇಶನ್ನಿಗೆ ಆಸ್ಪತ್ರೆಯವರು ಕೊಟ್ಟ ದಿನ ಅಮಾವಾಸ್ಯೆ ಬಿದ್ದಿತ್ತು, ಬೇಡ ಎಂದು ಅಕ್ಕ ಹಟ ಹಿಡಿದಿದ್ದರು, ಯಾರೂ ಕೇಳಲಿಲ್ಲ. ಆಪರೇಶನ್ ಆದ ಮೇಲೆ ಅವರು ಎದ್ದು ಕೂರಲೇ ಇಲ್ಲ. ಅಂದಿನಿಂದ ಅಕ್ಕ ಗೋಡೆಯ ತೆಲುಗು ಕ್ಯಾಲೆಂಡರ್ ನೋಡದೆ ಹೊಸ್ತಿಲು ದಾಟಿದವರಲ್ಲ. ರಾಹುಕಾಲ, ವರ್ಜ್ಯ, ದುರ್ಮುಹೂರ್ತ ಎಲ್ಲ ಬಾಯಿಪಾಠ. "ಅಕ್ಕ ಒಂದು ಸಲಾ ನೋಡ್ಯಾಳ. ಇನ್ನೊಂದು ಸಲಾ ನೋಡೂದು ಬ್ಯಾಡ" ಎಂದು ನಮ್ಮವರು ನನ್ನಿಂದ ಆಣೆ ಹಾಕಿಸಿಕೊಂಡಿದ್ದರು. ಎಂಟು ಗಂಟೆಯ ಮಾತ್ರೆ ಅಕ್ಕನ ಲೆಕ್ಕದಲ್ಲಿ ಬಿ.ಪಿ. ಮಾತ್ರೆ.

ಹೀಗಿರುವಾಗ ಒಂದು ಹಬ್ಬಕ್ಕೆಂದು ವಿಜಯವಾಡಕ್ಕೆ ಹೋದಾಗ ನಮ್ಮವರು ನೀರಿನ ಕ್ಯಾನು ಎತ್ತಲು ಹೋದರು. ತೊಡೆಸಂದಿಯಲ್ಲಿ ಬಹಳ ದಿನದಿಂದ ಒಂದು ಉಬ್ಬಿತ್ತು, ಹರ್ನಿಯಾ. ಮಲಗಿದರೆ ಒಳಗೆ ಹೋಗುತ್ತಿತ್ತು. ಅವತ್ತು ಹೊರಬಂದದ್ದು ಒಳಗೆ ಹೋಗಲಿಲ್ಲ. ನೋವಿಗೆ ವಾಂತಿ ಮಾಡಿಕೊಂಡು ನೆಲದ ಮೇಲೆ ಮುದುಡಿ ಬಿದ್ದರು. ಅಕ್ಕನ ಬೀದಿಯಲ್ಲೇ ಆಡಿ ಬೆಳೆದು ಈಗ ದೊಡ್ಡ ಸರ್ಜನ್ ಆಗಿರುವವರೊಬ್ಬರಿದ್ದಾರೆ, ಚಿಕ್ಕಂದಿನಲ್ಲಿ ಅಕ್ಕನ ಕೈಯ ದೋಸೆ ತಿಂದವರು, ಅಕ್ಕನನ್ನು ಪಿನ್ನಿ, ಅಂದರೆ ಚಿಕ್ಕಮ್ಮ ಎಂದೇ ಕರೆಯುತ್ತಾರೆ. ಅವರ ಆಸ್ಪತ್ರೆಗೆ ಹೊತ್ತುಕೊಂಡು ಹೋದೆವು. ಅವರು ನೋವಿಗೆ ಇಂಜೆಕ್ಷನ್ ಕೊಟ್ಟು, ನಿಧಾನವಾಗಿ ಒತ್ತಿ ಕರುಳನ್ನು ಒಳಗೆ ಕಳಿಸಿದರು. "ಈ ಸಲ ಹೋಯಿತು. ಮುಂದಿನ ಸಲ ಹೋಗದಿದ್ದರೆ ಕರುಳು ಅಲ್ಲೇ ಕೊಳೆಯುತ್ತದೆ. ಬೇಗ ಆಪರೇಶನ್ ಮಾಡಿಸಿ" ಎಂದರು.

ಅಕ್ಕ ಕೇಳದ ಹಾಗೆ ಅವರನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿ ಮಾತ್ರೆಯ ವಿಷಯ ಹೇಳಿದೆ. ಅವರ ಮುಖ ಬದಲಾಯಿತು. ಆ ಮಾತ್ರೆ ತಿನ್ನುವವರಿಗೆ ಕತ್ತಿ ತಾಗಿಸಿದರೆ ರಕ್ತ ಸುಲಭಕ್ಕೆ ನಿಲ್ಲುವುದಿಲ್ಲವಂತೆ. ಮೊದಲು ಮಾತ್ರೆ ನಿಲ್ಲಿಸಬೇಕು, ಎಷ್ಟು ದಿನ ಎಂದು ನಿಮ್ಮ ಡಾಕ್ಟರಮ್ಮನನ್ನೇ ಕೇಳಿ ಎಂದರು. ಡಾಕ್ಟರಮ್ಮ ಹೇಳಿದ್ದು ಇದು: ಆಪರೇಶನ್‌ಗೆ ಒಂದು ವಾರ ಮೊದಲು ನಿಲ್ಲಿಸಿ, ಆದ ಮೇಲೆ ಗಾಯ ಕೂಡುವವರೆಗೆ ಇನ್ನೊಂದು ವಾರ. ಅದಕ್ಕಿಂತ ಹೆಚ್ಚು ಬೇಡ. ಕೆಲವರಿಗೆ ಮಾತ್ರೆ ನಿಂತ ಕೂಡಲೇ ಗಂಟು ಮತ್ತೆ ಎದ್ದೇಳುತ್ತವೆ, ಜ್ವರ ಬರುತ್ತದೆ. ಬಂದರೆ ತಕ್ಷಣ ಫೋನ್ ಮಾಡಿ. "ಭಯಪಡಕಂಡಿ ಅಮ್ಮಾ" ಎಂದು ಕೊನೆಗೆ ಸೇರಿಸಿದರು. ಹೆದರಬೇಡಿ ಅನ್ನುವುದು ಎಷ್ಟು ಸುಲಭ. ಎರಡು ವರ್ಷ ಒಂದು ದಿನವೂ ತಪ್ಪಿಸಬೇಡಿ ಎಂದು ನನ್ನ ತಲೆಗೆ ಮೊಳೆ ಹೊಡೆದವರು ಅವರೇ. ಈಗ ನಿಲ್ಲಿಸಿ ಎನ್ನುತ್ತಿರುವವರೂ ಅವರೇ. ಕೇಳಿಸಿಕೊಂಡು ಹೊರಗೆ ಬಂದ ಮೇಲೆ ಆಟೋದವನ ಮೇಲೆ ಸುಮ್ಮಸುಮ್ಮನೆ ಹರಿಹಾಯ್ದೆ.

ಗುರುವಾರ ಮಾತ್ರೆ ನಿಂತಿತು. ಮುಂದಿನ ಗುರುವಾರ ಆಪರೇಶನ್. ಡಬ್ಬಿಯನ್ನು ಅಲಮಾರಿಯ ಒಳಗಿನ ಲಾಕರಿನಲ್ಲಿಟ್ಟೆ. ಅಲಮಾರಿಯ ಕೀಲಿ ನನ್ನ ಹತ್ತಿರ, ಲಾಕರಿನದು ಅವರ ಹತ್ತಿರ. ಬ್ಯಾಂಕಿನ ತಿಜೋರಿಗೆ ಇಬ್ಬರ ಕೀಲಿ ಇರುವುದು ಒಬ್ಬರ ಬುದ್ಧಿ ಕೆಟ್ಟರೆ ಇನ್ನೊಬ್ಬರದು ಇರಲಿ ಎಂದು. ಇಲ್ಲಿ ಯಾರ ಬುದ್ಧಿ ಮೊದಲು ಕೆಡುತ್ತದೋ ನನಗೆ ಖಾತ್ರಿಯಿರಲಿಲ್ಲ.

ಫೋನಿನ ಅಲಾರಂ ತೆಗೆಯಲಿಲ್ಲ. ಅದು ಕೂಗಿದಾಗ ಮಾತ್ರೆಯ ಬದಲು ಅವರು ಕುತ್ತಿಗೆ ಚಾಚುತ್ತಿದ್ದರು. ನಾನು ಎಡಗಡೆ ದವಡೆಯ ಕೆಳಗಿಂದ ಭುಜದ ಮೂಳೆಯವರೆಗೆ ಮೂರು ಬೆರಳಿಟ್ಟು ತಡವುತ್ತಿದ್ದೆ. ಶುಕ್ರವಾರ ಏನೂ ಇಲ್ಲ. ಶನಿವಾರ ಏನೂ ಇಲ್ಲ. ಭಾನುವಾರ ದವಡೆಯ ಕೆಳಗೆ ತೊಗರಿ ಕಾಳಿನಷ್ಟು ಏನೋ ಜಾರಿತು. "ಏನು?" ಎಂದರು. "ಏನಿಲ್ಲ, ನಿಮ್ಮ ಗಡ್ಡ" ಎಂದೆ. ಸೋಮವಾರ ಅದು ಕಡಲೆಕಾಳಾಗಿತ್ತು, ಪಕ್ಕದಲ್ಲಿ ಇನ್ನೊಂದು ಇತ್ತು. ಈ ಸಲ ಅವರು ಏನೆಂದು ಕೇಳಲಿಲ್ಲ. ಅವರ ಬೆರಳೂ ಅಲ್ಲಿಗೆ ಹೋಗಿ ಬಂದಿದೆ ಎಂದು ನನಗೆ ಗೊತ್ತಾಯಿತು.

ಇನ್ನು ಮೂರೇ ದಿನ, ಗುರುವಾರ ಬಂದೇ ಬಿಡುತ್ತದೆ ಎಂದು ಜೀವ ಬಿಗಿಹಿಡಿದು ಬ್ಯಾಂಕಿನಲ್ಲಿ ಕೂತಿದ್ದೆ. ಮಧ್ಯಾಹ್ನ ಅಕ್ಕನ ಫೋನು ಬಂತು.

"ನೋಡವಾ, ನಿನಗ ಒಂದು ಛಲೋ ಸುದ್ದಿ ಹೇಳ್ತೀನಿ. ಗುರುವಾರ ಅಮಾಸಿ ಬಂದದ. ನೀವು ಓದಿದವರು, ಕ್ಯಾಲೆಂಡರ್ ನೋಡೂದಿಲ್ಲ. ನಾ ನಮ್ಮ ಡಾಕ್ಟರ್ ಹುಡುಗಗ ಹೇಳಿ ದಿನಾ ಬದಲಿ ಮಾಡಿಸೀನಿ. ಬರೂ ವಾರದ ಬುಧವಾರ, ಮುಹೂರ್ತಂ ಬಾಗುಂದಿ, ಭಾಳ ಛಲೋ ಅದ. ನಮ್ಮ ಗುಡಿ ಪಂತುಲುಗಾರು ತಾವ ಕೂತು ನೋಡಿ ಹೇಳ್ಯಾರ."

ಸ್ಟೂಲಿನ ಮೇಲೆ ಕೂತವಳು ಕೂತೇ ಇದ್ದೆ. ಎದುರಿಗೆ ನಿಂತಿದ್ದ ಗಿರಾಕಿ "ಮೇಡಂ, ಮೇಡಂ" ಎನ್ನುತ್ತಿದ್ದ. ಅಕ್ಕ ಆ ಕಡೆಯಿಂದ, "ಯಾಕ, ಮಾತಾಡವಲ್ಲಿ? ಒಂದು ವಾರ ತಡಾ ಆದ್ರ ಏನೂ ಆಗೂದಿಲ್ಲಂತ, ಹುಡುಗನೇ ಹೇಳ್ಯಾನ" ಎಂದರು. ಅವರ ದನಿಯಲ್ಲಿ ತಮ್ಮನನ್ನು ಸಾವಿನ ಬಾಯಿಂದ ಎಳೆದುಕೊಂಡವರ ನೆಮ್ಮದಿಯಿತ್ತು. ನಾನು ಸರಿ ಅಕ್ಕಾರ ಎಂದಷ್ಟೇ ಹೇಳಿ ಫೋನಿಟ್ಟೆ.

ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಮಾತ್ರೆ ಮತ್ತೆ ಶುರು ಮಾಡಿಬಿಡಲೇ ಎಂದು ಕೇಳಿದೆ. ಅವರು ಹೇಳಿದರು: "ಇವತ್ತು ಶುರು ಮಾಡಿದರೆ ನಾಡಿದ್ದು ಮತ್ತೆ ನಿಲ್ಲಿಸಬೇಕು. ಎರಡು ದಿನದ ಮಾತ್ರೆ ಅಷ್ಟೇ. ಗಂಟು ಇಳಿಸಲು ಅಷ್ಟು ಸಾಲದು. ಹಾಗೇ ಬಿಟ್ಟರೆ ಒಟ್ಟು ಮೂರು ವಾರ ಮಾತ್ರೆಯಿಲ್ಲದೆ ಆಗುತ್ತದೆ. ಈಗಲೇ ಗಂಟು ಎದ್ದಿವೆ ಅನ್ನುತ್ತೀರಿ. ನಾನು ಒಪ್ಪುವುದಿಲ್ಲ. ಗುರುವಾರವೇ ಮಾಡಿಸಿ, ಇಲ್ಲವೇ ಆಪರೇಶನ್ ಬಿಟ್ಟು ಮಾತ್ರೆ ಹಿಡಿಯಿರಿ." ಆಪರೇಶನ್ ಬಿಟ್ಟರೆ ಕರುಳು. ಗುರುವಾರ ಬಿಟ್ಟರೆ ಕುತ್ತಿಗೆ. ಎರಡೂ ಕಡೆ ಅವರದೇ ಪ್ರಾಣ.

ಸರ್ಜನ್ ಸಂಜೆ ಸಿಕ್ಕರು. ಬೈಯಬೇಕೆಂದೇ ಫೋನ್ ಮಾಡಿದ್ದೆ, ಆದರೆ ಅವರ ತಪ್ಪೇನೂ ಇರಲಿಲ್ಲ. ಪಿನ್ನಿ ಹೇಳಿದ್ದು ನಮ್ಮ ಪರವಾಗಿಯೇ ಅಂದುಕೊಂಡಿದ್ದರು. ಹೊಸ ದಿನದ ಲೆಕ್ಕಕ್ಕೆ ಮಾತ್ರೆ ನಿಲ್ಲಿಸುತ್ತಾರೆ, ಇನ್ನೂ ನಿಲ್ಲಿಸಿರಲಿಕ್ಕಿಲ್ಲ ಎಂದು ತಿಳಿದಿದ್ದರು. "ಗುರುವಾರಕ್ಕೆ ಈಗಲೂ ಹಾಕಬಹುದು ಮೇಡಂ. ಅಮಾವಾಸ್ಯೆ ಅಂತ ಇಲ್ಲಿ ಯಾರೂ ಒಪ್ಪುವುದಿಲ್ಲ, ಥಿಯೇಟರ್ ಖಾಲಿಯೇ ಇರುತ್ತದೆ. ಆದರೆ ಪಿನ್ನಿಗೆ ನೀವೇ ಹೇಳಬೇಕು. ಅವರು ಬಾಗಿಲಲ್ಲಿ ಬಂದು ನಿಂತು ಯಾಕಪ್ಪಾ ಎಂದು ಕೇಳಿದರೆ ನನ್ನಿಂದ ಸುಳ್ಳು ಹೇಳಲಾಗುವುದಿಲ್ಲ" ಎಂದರು.

ಮನೆಗೆ ಬಂದು ನಮ್ಮವರಿಗೆ ಎಲ್ಲ ಹೇಳಿದೆ. ಹೀರೇಕಾಯಿ ಹೆರೆಯುತ್ತಿದ್ದವರು ಎದ್ದು ಹೋಗಿ ಲಾಕರಿನ ಕೀಲಿ ತಂದು ನನ್ನ ಮುಂದೆ ಹಿಡಿದರು.

"ನಿನ್ನ ಕೀಲಿ ಕೊಡು."

"ಯಾಕ್ರಿ?"

"ನುಂಗಿಬಿಡ್ತೀನಿ. ಆಪರೇಶನ್ನೂ ಬ್ಯಾಡ, ಅಕ್ಕಗ ಹೇಳೂದೂ ಬ್ಯಾಡ."

"ಮತ್ತ ಕರುಳು ಸಿಕ್ಕೊಂಡ್ರ?"

"ಸಿಕ್ಕೊಂಡಾಗ ನೋಡೂಣು."

"ಆವಾಗ ಹೊಟ್ಟಿಯೊಳಗ ಆ ಮಾತ್ರಿ ಇಟ್ಕೊಂಡು ಕೊಯ್ಸಿಕೋತೀರಾ? ರಕ್ತ ನಿಲ್ಲಂಗಿಲ್ಲ. ಗೊತ್ತದ ಇಲ್ಲೋ ನಿಮಗ?"

ಅವರಿಗೆ ಗೊತ್ತಿತ್ತು. ಮೂವತ್ತು ವರ್ಷ ಮಕ್ಕಳಿಗೆ ಗಣಿತ ಹೇಳಿದವರು. ಕೈಯಲ್ಲಿ ಕೀಲಿ ಹಿಡಿದು ನಿಂತೇ ಇದ್ದರು. ಹಾಗೆ ನಿಂತದ್ದು ನೋಡಿದ್ದೇ ನನಗೆ ಸಿಟ್ಟು ಬಂತು. ಹೆದರಿಕೆ ಹೆಚ್ಚಾದಾಗ ನನಗೆ ಬರುವುದು ಸಿಟ್ಟೇ. ಅಕ್ಕ, ಆಣೆ, ಅಮಾವಾಸ್ಯೆ, ಎಲ್ಲರಿಗೂ ಸೇರಿಸಿ ಬಾಯಿಗೆ ಬಂದದ್ದು ಅಂದೆ. ಅವರು ಮತ್ತೆ ಕೂತು ಹೀರೇಕಾಯಿ ಹೆರೆಯತೊಡಗಿದರು. ತುಸು ಹೊತ್ತಿನ ಮೇಲೆ, "ಡಾಕ್ಟರು ಮುಂದಿನ ವಾರ ಊರಾಗ ಇರೂದಿಲ್ಲ, ಅದಕ್ಕ ಗುರುವಾರನ ಆಗಬೇಕು ಅಂತ ಹೇಳೂಣು" ಎಂದರು. ಜೀವನದಲ್ಲಿ ಒಂದು ಸುಳ್ಳು ನೆಟ್ಟಗೆ ಹೇಳಲು ಬಾರದ ಮನುಷ್ಯ. ಬೇರೆ ದಾರಿ ತೋಚದೆ ನಾನೂ ಹೂಂಗುಟ್ಟಿದೆ.

ಬುಧವಾರ ಬೆಳಿಗ್ಗೆ ದುವ್ವಾಡದಲ್ಲಿ ರೈಲು ಹತ್ತಿದೆವು. ಅವರು ಏನೂ ಎತ್ತುವಂತಿರಲಿಲ್ಲ. ಎರಡೂ ಬ್ಯಾಗು ನನ್ನ ಹೆಗಲಿಗೆ. ಗಂಡಸು ಕೈಬೀಸಿಕೊಂಡು ಬಂದದ್ದನ್ನು ನೋಡಿ ಎದುರು ಸೀಟಿನ ಹೆಂಗಸು ನನ್ನ ಮುಖ ನೋಡಿದಳು. ತುನಿ ದಾಟುವಷ್ಟರಲ್ಲಿ ಅವರು ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದರು. ಅಂಗಿಯ ಕಾಲರಿನ ಮೇಲೆ ಕುತ್ತಿಗೆ ಉಬ್ಬಿದ್ದು ಬರಿಗಣ್ಣಿಗೇ ಕಾಣುತ್ತಿತ್ತು. ಮುಟ್ಟಬೇಕಾಗಿಯೇ ಇರಲಿಲ್ಲ. ಹಣೆ ಮುಟ್ಟಿ ನೋಡಿದೆ, ತುಸು ಬೆಚ್ಚಗಿತ್ತು. ಗೋದಾವರಿಯ ಸೇತುವೆ ಬಂದಾಗ ಬೋಗಿಯವರೆಲ್ಲ ಕಿಟಕಿಯಿಂದ ನಾಣ್ಯ ಎಸೆದರು. ನಾನು ಯಾವತ್ತೂ ಎಸೆದವಳಲ್ಲ. ಅವತ್ತು ಪರ್ಸಿನಲ್ಲಿ ಸಿಕ್ಕ ಚಿಲ್ಲರೆಯನ್ನೆಲ್ಲ ಮುಷ್ಟಿಯಲ್ಲಿ ಹಿಡಿದು ಎಸೆದೆ. ಅರ್ಧ ಕಿಟಕಿಯ ಸರಳಿಗೆ ಬಡಿದು ನಮ್ಮ ಕಾಲ ಕೆಳಗೇ ಬಿತ್ತು.

ಗವರ್ನರ್‌ಪೇಟೆಯ ಮನೆ ಸೇರಿದಾಗ ಅಕ್ಕ ಬಾಗಿಲಲ್ಲೇ ನಿಂತಿದ್ದರು. "ಬುಧವಾರ ಅಂದ್ರ ಮುಂದಿನ ಬುಧವಾರ. ಇವತ್ತ ಯಾಕ ಬಂದ್ರಿ?" ಎಂದರು. ನಮ್ಮವರು ಚಪ್ಪಲಿ ಬಿಡುತ್ತಾ, ಅಕ್ಕನ ಮುಖ ನೋಡದೆ, ಡಾಕ್ಟರು ಊರಿಗೆ ಹೋಗುವ ಕಥೆ ಹೇಳಿದರು.

"ಯಾವ ಊರಿಗೆ ಹೋಗ್ತಾನ? ನಿನ್ನೆ ಸಂಜೀಕ ಇಲ್ಲೇ ಕೂತು ದೋಸಿ ತಿಂದು ಹೋಗ್ಯಾನ. ಮುಂದಿನ ವಾರ ಮಗಳ ಬರ್ತ್‌ಡೇಕ್ಕ ನನ್ನ ಕರದಾನ" ಎಂದರು ಅಕ್ಕ. ಆಮೇಲೆ, "ಅಮಾಸಿ ದಿನಾ ಕೊಯ್ಸಿಕೊಳ್ಳಲಿಕ್ಕೆ ಯಾಕೋ ಇಷ್ಟು ಆತುರ? ನಿಮ್ಮ ಭಾವಂದು ಮರತ್ಯೇನು?" ಎಂದು ಕೇಳಿದರು.

ನಮ್ಮವರು ಒಳಗಿನ ಕೋಣೆಗೆ ಹೋಗಿ ಮಲಗಿಬಿಟ್ಟರು. ನಾನು ಅಡುಗೆಮನೆಗೆ ಹೋದೆ. ಅಕ್ಕ ನನ್ನ ಹಿಂದೆಯೇ ಬಂದು, ಮಣೆ ಹಾಕಿಕೊಂಡು ಕೂತು, ಅರ್ಧಕ್ಕೆ ಬಿಟ್ಟಿದ್ದ ಪುಂಡಿಸೊಪ್ಪನ್ನು ಬಿಡಿಸತೊಡಗಿದರು. ಇಲ್ಲಿಯವರು ಗೋಂಗೂರ ಅಂದರೂ ಅಕ್ಕನ ಬಾಯಲ್ಲಿ ಅದು ಇವತ್ತಿಗೂ ಪುಂಡಿಪಲ್ಯ. ತಮ್ಮ ಬಂದನೆಂದು ಅವರಿಗೆ ಸಂತೋಷವೂ ಆಗಿತ್ತು, ಸಿಟ್ಟೂ ಬಂದಿತ್ತು. ಎರಡನ್ನೂ ಸೊಪ್ಪಿನ ಮೇಲೆ ತೀರಿಸಿಕೊಳ್ಳುತ್ತಿದ್ದರು.

ಆಣೆ ಮುರಿದರೆ ಈ ಮನುಷ್ಯ ನನ್ನನ್ನು ಎಂದೂ ಕ್ಷಮಿಸಲಿಕ್ಕಿಲ್ಲ ಎಂದು ಗೊತ್ತಿತ್ತು. ಮುರಿಯದಿದ್ದರೆ ಕ್ಷಮಿಸಲು ಅವರೇ ಇರುವುದಿಲ್ಲ. ಕೆಳಗೆ ಅಂಗಡಿಯಲ್ಲಿ ಯಾರೋ ಪಾತ್ರೆಯ ಅಟ್ಟಿಯನ್ನೇ ಕೆಡವಿದರು. ಆ ಸದ್ದು ನಿಲ್ಲುವ ತನಕ ಕಾದೆ.

"ಅಕ್ಕಾರ, ಅವರು ತೊಗೊಳ್ಳೂದು ಬಿ.ಪಿ. ಮಾತ್ರಿ ಅಲ್ಲ."

ಅಕ್ಕ ತಲೆಯೆತ್ತಲಿಲ್ಲ. ನಾನು ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟೆ. ಕ್ಯಾನ್ಸರ್ ಎಂಬ ಮಾತು ಹೇಳುವಾಗ ನನ್ನ ದನಿ ಸಣ್ಣಗಾಯಿತು. ಮಾತ್ರೆ ನಿಲ್ಲಿಸಿದ್ದು, ಗಂಟು ಎದ್ದದ್ದು, ಡಾಕ್ಟರಮ್ಮ ಹೇಳಿದ್ದು, ಗುರುವಾರ ಬಿಟ್ಟರೆ ಏನಾಗುತ್ತದೆ ಅನ್ನುವುದು. ಹೇಳಿ ಮುಗಿದ ಮೇಲೂ ಅಕ್ಕ ಸೊಪ್ಪು ಬಿಡಿಸುತ್ತಲೇ ಇದ್ದರು. ಕೇಳಿಸಿತೋ ಇಲ್ಲವೋ ಎಂದು ನನಗೇ ಅನುಮಾನವಾಯಿತು.

"ಎಷ್ಟು ದಿನಾ ಆತು?"

"ಎರಡು ವರ್ಷ."

"ಎರಡು ವರ್ಷ" ಎಂದರು. "ಹಬ್ಬಕ್ಕ ಬಂದ್ರಿ, ಉಂಡ್ರಿ, ನಕ್ಕೊಂತ ಹೋದ್ರಿ. ನಾ ಬಿ.ಪಿ. ಅದಂತ ಉಪ್ಪು ಕಡಿಮಿ ಹಾಕಿ ಮಾಡಿದೆ."

ಆಗ ಅತ್ತರು. ಸದ್ದಿಲ್ಲದೆ, ಸೊಪ್ಪಿನ ಕೈಯಿಂದಲೇ ಕಣ್ಣು ಒರೆಸಿಕೊಂಡು. ನಾನು ಹತ್ತಿರ ಹೋದರೆ ತಡೆದರು. "ನಿನ್ನ ಮ್ಯಾಲ ನನಗ ಸಿಟ್ಟಿಲ್ಲ. ಸುಮ್ಮಕೂಡು" ಎಂದರು. ಅವರ ಮುಖದಲ್ಲಿ ನಾನು ನೋಡಿದ್ದು ನನ್ನದೇ ಹೆದರಿಕೆ, ನನಗಿಂತ ಹಳೆಯದು. ನನಗೆ ಬರಿಯ ಕ್ಯಾನ್ಸರಿನ ಭಯ. ಅವರಿಗೆ ಅದರ ಜೊತೆ ಅಮಾವಾಸ್ಯೆಯದೂ ಇತ್ತು. ಒಂದರಿಂದ ತಪ್ಪಿಸಬೇಕೆಂದರೆ ತಮ್ಮನನ್ನು ಇನ್ನೊಂದಕ್ಕೆ ತಾವೇ ಕೈಯಾರೆ ಒಪ್ಪಿಸಬೇಕು. ಆ ಹೊತ್ತಿನಲ್ಲಿ ಅವರು ಆಗುವುದಿಲ್ಲ ಎಂದಿದ್ದರೆ ನಾನು ಏನು ಮಾಡುತ್ತಿದ್ದೆನೋ ಗೊತ್ತಿಲ್ಲ.

ಅಕ್ಕ ಎದ್ದು ಕೈ ತೊಳೆದುಕೊಂಡರು. ನಡುಮನೆಗೆ ಹೋಗಿ ಕ್ಯಾಲೆಂಡರಿನ ಮುಂದೆ ನಿಂತು ಬಹಳ ಹೊತ್ತು ನೋಡಿದರು. ಆಮೇಲೆ ಫೋನು ಎತ್ತಿಕೊಂಡು ಸರ್ಜನ್‌ಗೆ ತೆಲುಗಿನಲ್ಲಿ ಹೇಳಿದರು: "ರೇಪೇ ಚೆಯ್ಯಿ ನಾಯನಾ. ಮುಹೂರ್ತಂ ವದ್ದು." ನಾಳೆಯೇ ಮಾಡಪ್ಪಾ, ಮುಹೂರ್ತ ಬೇಡ. ಅಷ್ಟು ಹೇಳಿ ಗೋಡೆಗೆ ಒರಗಿಬಿಟ್ಟರು.

ಒಳಗಿನ ಕೋಣೆಯಲ್ಲಿ ನಮ್ಮವರಿಗೆ ನಿದ್ದೆ ಬಂದಿರಲಿಲ್ಲ. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ನನ್ನ ಮುಖ ನೋಡಲಿಲ್ಲ. ಅಕ್ಕ ಹೋಗಿ ಅವರ ಬೆನ್ನ ಮೇಲೆ ಒಂದು ಗುದ್ದು ಗುದ್ದಿ, "ಏಳು, ಉಣ್ಣು ಬಾ. ಆಮ್ಯಾಲೆ ದವಾಖಾನಿಗೆ ಹೋಗಬೇಕು" ಎಂದರು. ಅವತ್ತಿನ ಊಟದಲ್ಲಿ ಉಪ್ಪು ಸರಿಯಾಗಿತ್ತು.

ಗುರುವಾರ ಆಸ್ಪತ್ರೆಯ ಆ ಮಹಡಿಯಲ್ಲಿ ನಮ್ಮನ್ನು ಬಿಟ್ಟರೆ ಯಾರೂ ಇರಲಿಲ್ಲ. ಸರ್ಜನ್ ಹೇಳಿದ್ದು ನಿಜ. ಥಿಯೇಟರ್‌ನ ಹೊರಗಿನ ಕುರ್ಚಿಗಳೆಲ್ಲ ಖಾಲಿ. ಒಳಗೆ ಕರೆದುಕೊಂಡು ಹೋಗುವಾಗ ನಮ್ಮವರು ನನ್ನ ಕೈ ಹಿಡಿದು, "ನೀ ಹೇಳಿದ್ದು ಛಲೋ ಆತು" ಎಂದರು. ಅಷ್ಟು ಹೇಳಿದ್ದಕ್ಕೆ ನನಗೆ ಸಮಾಧಾನವಾಗುವ ಬದಲು ಇನ್ನಷ್ಟು ಭಯವಾಯಿತು. ಈ ಮನುಷ್ಯ ಇಷ್ಟು ಬೇಗ ಒಪ್ಪಿಕೊಂಡವನಲ್ಲ, ಇದು ಹೋಗುವವರ ಮಾತಿನ ಹಾಗಿದೆ ಅನ್ನಿಸಿತು.

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದರು. ನೀರೂ ಕುಡಿದಿರಲಿಲ್ಲ. ಬಾಗಿಲು ತೆರೆದಾಗಲೆಲ್ಲ ಇಬ್ಬರೂ ಒಟ್ಟಿಗೆ ಎದ್ದು ನಿಲ್ಲುತ್ತಿದ್ದೆವು. ಒಮ್ಮೆ ನರ್ಸ್ ಒಬ್ಬಳು ಕೆಂಪಾದ ಬಟ್ಟೆಯ ಬಕೆಟ್ ಹಿಡಿದು ಹೊರಗೆ ಬಂದಳು. ರಕ್ತ ನಿಲ್ಲುತ್ತಿಲ್ಲ, ವಾರ ಸಾಲದೇ ಹೋಯಿತು, ನಾನೇ ಎಳೆದುಕೊಂಡು ಬಂದು ಒಪ್ಪಿಸಿದೆ ಅನ್ನಿಸಿ ಅಕ್ಕನ ತೋಳನ್ನು ಬಿಗಿಯಾಗಿ ಹಿಡಿದುಬಿಟ್ಟೆ. ಅಕ್ಕ ನರ್ಸನ್ನು ಕೇಳಿದರು. ಅದು ಔಷಧ ಬಳಿದ ಬಟ್ಟೆಯಂತೆ, ಕೊಯ್ಯುವ ಮೊದಲು ಚರ್ಮಕ್ಕೆ ಹಚ್ಚುವ ಕಂದು ಬಣ್ಣದ್ದು. ಅಕ್ಕನ ತೋಳಿನಲ್ಲಿ ನನ್ನ ಉಗುರಿನ ಗುರುತು ಎರಡು ದಿನ ಇತ್ತು.

ಸರ್ಜನ್ ಹೊರಗೆ ಬಂದು ಮುಖದ ಬಟ್ಟೆ ಇಳಿಸಿ, "ಬಾಗುನ್ನಾರು ಪಿನ್ನೀ" ಎಂದರು. ಚೆನ್ನಾಗಿದ್ದಾರೆ. ರಕ್ತ ಹೆಚ್ಚು ಹೋಗಲಿಲ್ಲ. ಅಕ್ಕ ಅವರ ತಲೆ ಮುಟ್ಟಿ ಎರಡೂ ಕೈಯ ಬೆರಳನ್ನು ತಮ್ಮ ಹಣೆಗೆ ಒತ್ತಿ ಲಟಿಕೆ ಮುರಿದರು.

ಆದರೆ ನನ್ನ ಭಯ ಅಲ್ಲಿಗೆ ಮುಗಿಯಲಿಲ್ಲ. ಇನ್ನೂ ಒಂದು ವಾರ ಮಾತ್ರೆಯಿಲ್ಲದೆ ಕಳೆಯಬೇಕಿತ್ತು. ಕೆಳಗೆ ಗಾಯ ಕೂಡಬೇಕು, ಮೇಲೆ ಗಂಟು ಬೆಳೆಯಬಾರದು. ಗಾಯ ತನ್ನ ಪಾಡಿಗೆ ಕೂಡುತ್ತಿತ್ತು. ಗಂಟು ತಮ್ಮ ಪಾಡಿಗೆ ಬೆಳೆಯುತ್ತಿದ್ದವು. ಅಕ್ಕನ ಮನೆಯ ಹಾಸಿಗೆಯಲ್ಲಿ ಅವರು ಬಲಕ್ಕೆ ಮಾತ್ರ ಮಲಗುತ್ತಿದ್ದರು. ಎಡಕ್ಕೆ ತಿರುಗಿದರೆ ಕುತ್ತಿಗೆ ನೋಯುತ್ತಿತ್ತು. ಸಂಜೆಗೆ ಮೈ ಬೆಚ್ಚಗಾಗುತ್ತಿತ್ತು. ಡಾಕ್ಟರಮ್ಮನಿಗೆ ದಿನಾ ಫೋನ್ ಮಾಡಿ ಅವರಿಗೆ ತಲೆಚಿಟ್ಟು ಹಿಡಿಸಿದೆ. ತಡೆಯಿರಿ, ಇನ್ನು ಸ್ವಲ್ಪ ತಡೆಯಿರಿ ಎನ್ನುತ್ತಿದ್ದರು. ಈ ಮಾತ್ರೆ ನಿಲ್ಲಿಸಿ ಮತ್ತೆ ಶುರು ಮಾಡಿದಾಗ ಮೊದಲಿನಂತೆಯೇ ಕೆಲಸ ಮಾಡುತ್ತದಾ ಎಂದು ಒಮ್ಮೆ ಕೇಳಿದೆ. "ಸಾಮಾನ್ಯವಾಗಿ ಮಾಡುತ್ತದೆ" ಎಂದರು. ಆ 'ಸಾಮಾನ್ಯವಾಗಿ' ನನ್ನನ್ನು ನಿದ್ದೆ ಮಾಡಗೊಡಲಿಲ್ಲ.

ಕೊನೆಗೆ ಗಾಯ ನೋಡಿದ ಸರ್ಜನ್ ಒಣಗಿದೆ ಎಂದರು. ಡಾಕ್ಟರಮ್ಮ ಶುರು ಮಾಡಿ ಎಂದರು. ಮಾರನೆಯ ಬೆಳಿಗ್ಗೆ ಫೋನು ಕೂಗಿತು. ನಾನು ಗಾಜುವಾಕದಿಂದ ತಂದಿದ್ದ ಡಬ್ಬಿ ತೆಗೆದೆ. ನನ್ನ ಕೈಯಿಂದ ಅಕ್ಕ ಅದನ್ನು ಇಸಿದುಕೊಂಡರು. ಕ್ಯಾಲೆಂಡರ್ ಅವರ ಬೆನ್ನ ಹಿಂದೆಯೇ ಗೋಡೆಯ ಮೇಲಿತ್ತು. ತಿರುಗಿ ನೋಡಲಿಲ್ಲ. ಒಂದು ಮಾತ್ರೆ ತಮ್ಮನ ಅಂಗೈಗೆ ಹಾಕಿದರು, ನೀರು ಕೊಟ್ಟರು, ನುಂಗುವ ತನಕ ನಿಂತರು.

"ಬಾಯಿ ತೆರಿ" ಎಂದರು. ನನ್ನ ಕಾನೂನು ಅವರಿಗೆ ಯಾರು ಹೇಳಿದರೋ. ನಮ್ಮವರು ಅರವತ್ತರ ಹತ್ತಿರದ ಬಾಯನ್ನು ಅಗಲವಾಗಿ ತೆರೆದು ತೋರಿಸಿದರು.

ಅಂದಿನಿಂದ ಮತ್ತೆ ಬೆಳಗುಗಳನ್ನು ಕಾಯುವ ಕೆಲಸ. ಮೊದಲ ದಿನ ಗಂಟು ಹಾಗೇ ಇದ್ದವು. ಎರಡನೆಯ ದಿನವೂ ಹಾಗೇ. ಮೂರನೆಯ ದಿನ ಒಂದು ಗಂಟು ಹೆಚ್ಚಾಗಿದೆ ಅನ್ನಿಸಿತು, ಯಾರಿಗೂ ಹೇಳದೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಮಾತ್ರೆಗೆ ನಾವು ಬೇಡವಾದೆವು, ಬಿಟ್ಟದ್ದಕ್ಕೆ ಮುನಿಸಿಕೊಂಡಿದೆ ಎಂದೆಲ್ಲ ಹುಚ್ಚುಹುಚ್ಚಾಗಿ ಯೋಚಿಸಿದೆ. ಹೊರಗೆ ಬಂದಾಗ ಅಕ್ಕ ನನ್ನ ಮುಖ ನೋಡಿದರು.

ಅದರ ಮರುದಿನ ಬೆಳಕು ಹರಿಯುವಾಗ ಎಚ್ಚರವಾಯಿತು. ಫೋನು ಕೂಗಲು ಇನ್ನೂ ಬಹಳ ಹೊತ್ತಿತ್ತು. ಪಕ್ಕಕ್ಕೆ ತಿರುಗಿದರೆ ಅಕ್ಕ ನಮ್ಮವರ ತಲೆದಿಂಬಿನ ಹತ್ತಿರ ನೆಲದ ಮೇಲೆ ಕೂತಿದ್ದರು. ನನ್ನ ಹಾಗೆಯೇ ಮೂರು ಬೆರಳನ್ನು ಅವರ ದವಡೆಯ ಕೆಳಗಿಟ್ಟು ನಿಧಾನವಾಗಿ ಭುಜದವರೆಗೆ ತಡವುತ್ತಿದ್ದರು. ನಮ್ಮವರು ನಿದ್ದೆ ಮಾಡುವವರ ಹಾಗೆ ಕಣ್ಣು ಮುಚ್ಚಿಕೊಂಡಿದ್ದರು. ಮುಚ್ಚಿದ ರೆಪ್ಪೆಯ ಅಂಚಿನಲ್ಲಿ ನೀರಿತ್ತು. ನಾನು ಗಡಬಡಿಸಿ ಏಳಲು ಹೋದೆ. ಅಕ್ಕ ಇನ್ನೊಂದು ಕೈಯಿಂದ ನನ್ನನ್ನು ತಡೆದರು.

"ಸಣ್ಣ ಆಗ್ಯದೋ ಇಲ್ಲೋ ನನಗೂ ತಿಳೀವಲ್ದು" ಎಂದರು ಮೆಲ್ಲಗೆ. "ನೀ ಮಲ್ಕೋ. ಇವತ್ತು ನಾ ನೋಡೀನಿ."

ನಾನು ಮಲಗಿದೆ.